ಹೊಟ್ಟೆಯ ಮೇಲೆ 1589

ಫೆಬ್ರವರಿ 3, ಸೋಮವಾರ, ಬೆಳಿಗ್ಗೆ 7.20
ಸಾರಿ, ನೋಟ್‌ಬುಕ್ಕೇ. ಲ್ಯಾಬ್ ನೋಟ್ಸ್‌ಗೆಂದು ಕೊಂಡ ಹಾಳೆಗಳಲ್ಲಿ ಗೋಳು ಬರೆಯುತ್ತಿದ್ದೇನೆ. ಹನ್ನೆರಡು ವರ್ಷ ಹಾಸ್ಟೆಲಿನಲ್ಲೇ ಓದಿದವಳು, ಬಾಯಿಬಿಟ್ಟು ಹೇಳಿಕೊಂಡು ಅಭ್ಯಾಸವಿಲ್ಲ. ರೂಮ್‌ಮೇಟ್ ಸ್ನಾನಕ್ಕೆ ಹೋಗಿದ್ದಾಳೆ... ಬಕೆಟ್ ಸದ್ದು ನಿಲ್ಲುವವರೆಗೆ ಟೈಮಿದೆ.

ಕಾಲೇಜ್ ಮ್ಯೂಸಿಯಮ್ಮಿನಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಜರ್ಮನ್ ಬಿಯರ್ ಮಗ್. ಕಲ್ಲಿನಷ್ಟು ಗಟ್ಟಿಯಾಗಿ ಸುಟ್ಟ ಬೂದು ಮಣ್ಣು, ನೀಲಿ ಬಳ್ಳಿ, ತವರದ ಮುಚ್ಚಳ. ಹೊಟ್ಟೆಯ ಮೇಲೆ ಉಬ್ಬು ಅಂಕಿ—1589. ಲೇಬಲ್‌ಗೆ ಬೇಕು, ಯಾವ ಕಾಲದ್ದು ಹೇಳು ಅಂದರು ಮ್ಯೂಸಿಯಮ್ ನೋಡಿಕೊಳ್ಳುವ ಮ್ಯಾಮ್. ಹೇಳಿದೆ. ಅಂಕಿ ಓದಲು ಬರುತ್ತದಲ್ಲ.

ಶನಿವಾರ ಎಚ್‌ಓಡಿ ಸರ್ ನಕ್ಕರು. "ಫಸ್ಟ್ ಇಯರ್ ಹುಡುಗಿ ಮಾತು ಕೇಳ್ಕೊಂಡು ಲೇಬಲ್ ಹಾಕ್ತೀರಾ?"

"ಅವಳ ಮಾತಿಗೆ ನಾನು ಜವಾಬ್ದಾರಿ, ಸರ್," ಅಂದರು ಮ್ಯಾಮ್.

ಈ ಶನಿವಾರ ಪ್ರದರ್ಶನ. ನಡುವಿನ ಗಾಜಿನ ಪೆಟ್ಟಿಗೆ ನನ್ನ ಮಗ್ಗಿಗೆ. ನಾನು ತಪ್ಪಿದ್ದರೆ ಮಾತು ಕೇಳಬೇಕಾದವರು ಮ್ಯಾಮ್.

ಫೆಬ್ರವರಿ 4, ಮಧ್ಯಾಹ್ನ 3
ಸ್ಟೋರಿನ ಕೀಗೊಂಚಲು ಸೊಂಟದಲ್ಲಿ ಹೊತ್ತು ತಿರುಗುವ ಬೀಗದಣ್ಣ ಮಗ್ ಒರೆಸುತ್ತಿದ್ದರು. ಹಿಡಿಯ ಪಕ್ಕ, ಅಂಚಿನ ಕೆಳಗೆ ಬೆರಳಿಟ್ಟರು. ಸಣ್ಣ ಅಡ್ಡಗೆರೆ.

"ಇದೇನಮ್ಮ, ಯಾರೋ ಗೀಚಿದ್ದಾ?"

"ಅಳತೆ ಗೆರೆ ಇರಬಹುದು ಅಣ್ಣ."

"ಹಂಗಾದ್ರೆ ಅಳೆದೇ ಬಿಡೋಣ."

ಬೇಡ ಅನ್ನುವಷ್ಟರಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಳತೆ ಜಾಡಿ ಬಂತು. ಸುರಿದರು. ಒಳಗೆ ನೀರು ಗೆರೆಯ ಮಟ್ಟಕ್ಕೆ ಬಂದಾಗ ಐನೂರು ಎಂಎಲ್. ಒಂದು ಹನಿ ಆಚೆಯಿಲ್ಲ, ಈಚೆಯಿಲ್ಲ.

"ಅರ್ಧ ಲೀಟರ್. ನಾನೂರು ವರ್ಷದ ಹಿಂದೆ ಲೀಟರ್ ಇತ್ತೇನಮ್ಮ?"

ಇರಲಿಲ್ಲ. ಲೈಬ್ರರಿಗೆ ಓಡಿದೆ. ಜರ್ಮನಿಯಲ್ಲಿ ಲೀಟರ್ ಕಾನೂನಾದದ್ದು 1872ರಲ್ಲಿ. ಆ ಕಾಲದಲ್ಲಿ ಹಳೆಯ ಮಗ್ಗುಗಳನ್ನು ನೋಡಿಕೊಂಡು, ಹಳೆಯ ಇಸವಿಯ ಸಮೇತ, ಅಚ್ಚಿನಲ್ಲಿ ಹೊಸದಾಗಿ ಮಾಡುತ್ತಿದ್ದರಂತೆ—ಮುನ್ನೂರನೇ ಪುಟ. ಮೊದಲ ಸಲ ನಾನು ನಲವತ್ತಕ್ಕೇ ಓದು ನಿಲ್ಲಿಸಿದ್ದೆ. ವಾಪಸ್ ಬಂದು ಮಗ್ಗಿನ ಮೈ ನೇವರಿಸಿದೆ. ಎರಡು ಅಚ್ಚು ಕೂಡಿದ ಜಾಗ ಬೆರಳಿಗೆ ಸಿಕ್ಕಿತು.

"ಮ್ಯಾಮ್‌ಗೆ ಹೇಳ್ತೀಯ ತಾನೇ?"

"ಇವತ್ತೇ ಹೇಳ್ತೀನಿ ಅಣ್ಣ."

ಫೆಬ್ರವರಿ 7, ಬೆಳಿಗ್ಗೆ 10.40
ಹೇಳಲಿಲ್ಲ.

ಬುಧವಾರ ಕಾರಿಡಾರಿನಲ್ಲಿ ಮ್ಯಾಮ್ ಎದುರಾದರು. ಶೂ ಲೇಸ್ ಕಟ್ಟುವವಳಂತೆ ಬಗ್ಗಿದೆ. ಕಾಲಲ್ಲಿ ಚಪ್ಪಲಿ ಇತ್ತು.

ಇವತ್ತು ಬೀಗದಣ್ಣ ಬಾಗಿಲಲ್ಲೇ ಹಿಡಿದರು. "ಬಾಯಿ ಬಿಟ್ರೆ ಬಣ್ಣಗೇಡು ಅಂತ ಕೂತಿದ್ದೀಯೇನಮ್ಮ? ನಾಳೆ ಬಣ್ಣ ಕೆಡೋದು ನಿಂದಲ್ಲ, ಅವರದ್ದು."

ಹನ್ನೆರಡಕ್ಕೆ ಲೇಬಲ್ ಪ್ರಿಂಟಿಗೆ. ಮ್ಯಾಮ್ ಮೀಟಿಂಗಿನಲ್ಲಿ, ಫೋನ್ ಎತ್ತುತ್ತಿಲ್ಲ. ಮೊಬೈಲಿನಲ್ಲಿ ಬರೆದರೆ ಅಳಿಸುತ್ತಲೇ ಇರುತ್ತೇನೆ. ಮೊದಲು ಇಲ್ಲಿ, ಪೆನ್ನಿನಲ್ಲಿ; ಆಮೇಲೆ ಹಾಗೇ ಮೊಬೈಲಿಗೆ—

ಮ್ಯಾಮ್, ಮಗ್ 1589ರದ್ದಲ್ಲ. 1872ರ ನಂತರದ್ದು. ಅರ್ಧ ಲೀಟರ್ ಗೆರೆಯ ಫೋಟೋ ಜೊತೆಗಿದೆ. ತಪ್ಪು ನನ್ನದು. ಮಂಗಳವಾರವೇ ಗೊತ್ತಿತ್ತು. ಸರ್‌ಗೆ ನಾನೇ ಹೋಗಿ ಹೇಳುತ್ತೇನೆ, ನೀವು ಹೇಳಬೇಡಿ. ಲೇಬಲ್ ನಿಲ್ಲಿಸಲೇ? ದಯವಿಟ್ಟು ಬೇಗ ಉತ್ತರ ಕೊಡಿ.