ಕುರಿಯ ಬಾಯಿ ತೆರೆದು ನೋಡಿದ್ದಿರಾ?

ನವನಗರ, ಬಾಗಲಕೋಟೆ
೧೮ ಫೆಬ್ರುವರಿ ೨೦೨೫

ಗೆಳೆಯ ವಿಜಯೀಂದ್ರನಿಗೆ,

ಕಳೆದ ನವೆಂಬರ್ ಹನ್ನೆರಡರಂದು, ನೀನು ಆರೋಪಿಯ ವಕೀಲನಾಗಿದ್ದ ಕುರಿಕಳವಿನ ಮೊಕದ್ದಮೆಯಲ್ಲಿ, ಪಶುವೈದ್ಯ ಅಂದಾನಪ್ಪ ಸಾಕ್ಷಿಕಟ್ಟೆ ಹತ್ತಿ ಕುರಿಗೆ ಒಂದೇ ವರ್ಷ ಎಂದರು. ನೀನು ಎದ್ದು ‘ಪಾಟೀಸವಾಲು ಇಲ್ಲ’ ಎಂದು ಕುಳಿತೆ. ಅನ್ಯಾಯ ಅಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ.

ಆ ಆರೋಪಿ ಲಕ್ಷ್ಮಣ ನನ್ನ ಹಳೆಯ ವಿದ್ಯಾರ್ಥಿ. ಅಮೀನಗಡದ ಸಂತೆಗೆ ಅವನು ಹೊಡೆದುಕೊಂಡು ಹೋದದ್ದು ತನ್ನ ಮನೆಯಲ್ಲೇ ಹುಟ್ಟಿದ ಕುರಿ. ಕಳುವಾಗಿದ್ದು ಬೇರೆಯವರ ವರ್ಷದ ಮರಿ. ಎರಡೂ ಒಂದೇ ಎಂದು ಮಾಡಿದ್ದು ವೈದ್ಯರ ಆ ಮಾತು. ಕುರಿ ಹರಾಜಾಗಿ ಹೋಯಿತು. ಅವನಿಗೆ ಆರು ತಿಂಗಳ ಸಜೆ ಉಳಿಯಿತು.

ಅವನ ತಾಯಿ ಬೋರವ್ವ ಸಾಕ್ಷಿ ನಡೆದ ದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ನನ್ನೆದುರೇ ನಿನಗೆ ಹೇಳಿದ್ದಳು: ‘ನಮ್ಮ ಕುರಿ ನಾಕ ಹಲ್ಲಿಂದ್ರಿ ಸಾಹೇಬ್ರ, ಎರಡ ವರ್ಷ ದಾಟೇತಿ. ವರ್ಷದ ಮರಿಗೆ ಹಾಲಹಲ್ಲ ಇರ್ತಾವ. ಬಾಯಿ ತೆರದು ನೋಡೀರೇನಂತ ಡಾಕ್ಟರ್‌ನ ಒಂದ ಮಾತ ಕೇಳ್ರಿ.’ ನೀನು ನಕ್ಕೆ. ‘ಡಾಕ್ಟರ್‌ಗೆ ಹಲ್ಲ ಎಣಸೂದು ನೀ ಕಲಸ್ತೀಯೇನವಾ?’ ಅಂದೆ. ‘ಕಲಸ್ತೇನ್ರಿ, ಕುರಿ ತರಸ್ರಿ’ ಅಂದಳು ಅವಳು.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ತಜ್ಞರಿಗೆ ಕೇಳಬಾರದು, ಅದು ನಮ್ಮ ವೃತ್ತಿಯ ಪಾಠ ಎಂದು ಆಮೇಲೆ ನನಗೆ ಹೇಳಿದೆ. ಉತ್ತರ ಗೊತ್ತಿದ್ದವಳು ಕೋರ್ಟಿನ ಬಾಗಿಲ ಹತ್ತಿರವೇ ನಿಂತಿದ್ದಳಲ್ಲ. ವೈದ್ಯರ ಪ್ರಮಾಣಪತ್ರದ ನಕಲು ತೆಗೆಸಿ ಓದಿದೆ. ಹಲ್ಲಿನ ಕಾಲಂ ಖಾಲಿ ಇದೆ.

ಹಿನ್ನೀರಿನಲ್ಲಿ ಮುಳುಗಿದ ಹಳೆಯ ಬಾಗಲಕೋಟೆಯ ನಮ್ಮ ಸಾಲಿಯಲ್ಲಿ, ಚಂದ್ರನ ಮೇಲೆ ಗಾಳಿಯಿಲ್ಲ ಎಂದ ಇನ್ಸ್‌ಪೆಕ್ಟರರಿಗೆ ‘ನೀವು ನೋಡೀರೇನ್ರಿ?’ ಎಂದು ಕೇಳಿ ಛಡಿಯೇಟು ತಿಂದವನು ನೀನು. ಎಂಟನೆಯ ಇಯತ್ತೆಯಲ್ಲಿ ಬಾಯಿಗೆ ಬಂದ ಪ್ರಶ್ನೆ ಎಪ್ಪತ್ತರ ಹತ್ತಿರದ ಈ ವಯಸ್ಸಿನಲ್ಲಿ ಬರಲಿಲ್ಲ. ನನಗೂ ಈಗ ಸಿಟ್ಟು ಮಾಡುವ ತ್ರಾಣ ಕಡಿಮೆ.

ಮಾರ್ಚ್ ಮೂರರಂದು ಮೇಲ್ಮನವಿಯ ವಿಚಾರಣೆ. ಅಲ್ಲಿ ಸೋತರೆ ಈಗ ಜಾಮೀನಿನ ಮೇಲಿರುವ ಲಕ್ಷ್ಮಣ ಜೈಲಿಗೆ. ವಕೀಲರು ಬೇರೆಯವರಿದ್ದಾರೆ; ಆದರೂ ನೀನು ಬರಬೇಕು. ಆ ಪ್ರಶ್ನೆ ಏಕೆ ಕೇಳಲಿಲ್ಲ? ನನಗೆ ಪತ್ರ ಬರೆಯಬೇಡ. ತುಂಬಿದ ಕೋರ್ಟಿನಲ್ಲಿ ಹೇಳು.

ನಿನ್ನ
ಗುರುರಾಜ

ತಾ.ಕ.: ವೈದ್ಯರು ಕಟ್ಟೆ ಹತ್ತಿದಾಗ ಬೋರವ್ವ ಅದೇ ಪ್ರಶ್ನೆಯನ್ನು ನನ್ನಿಂದ ಚೀಟಿಯಲ್ಲಿ ಬರೆಸಿದಳು, ನಿನಗೆ ಮುಟ್ಟಿಸಲು. ನಾನು ಮುಟ್ಟಿಸಲಿಲ್ಲ. ಓದಿದವರಿಗೆ ಇಂಥದ್ದನ್ನು ಕೇಳುವುದು ಚೆನ್ನಾಗಿರದು ಅನ್ನಿಸಿತು. ಕೊಟ್ಟೆ ಎಂದು ಅವಳಿಗೆ ಸುಳ್ಳು ಹೇಳಿದೆ. ಚೀಟಿ ಇದರ ಜೊತೆಗಿದೆ. ಮೂರರಂದು ನಾನೂ ಬರುತ್ತೇನೆ. ಅವಳ ಮುಂದೆಯೇ ನನ್ನನ್ನು ಕೇಳು. ಈ ಸಲ ಪಾಟೀಸವಾಲು ಬಿಡಬೇಡ.