ದೀಪವಿಲ್ಲದ ಹದಿಮೂರು ಮೈಲಿ

ಪ್ಯುಯೆಬ್ಲೊ, ಕೊಲೊರಾಡೊ
ಅಕ್ಟೋಬರ್ ೮, ಮಂಗಳವಾರ

ಅಪ್ಪಾ,

ಮೊದಲು ನೀನು ಕೊಟ್ಟ ಮಾತುಗಳ ಲೆಕ್ಕ. ಕ್ಷೇಮ ಸಮಾಚಾರ ಆಮೇಲೆ.

ಹೋದ ಚಳಿಗಾಲದಲ್ಲಿ ಹದಿಮೂರು ಮೈಲಿಯ ಒಂದು ಹಾಫ್ ಮ್ಯಾರಥಾನ್ ಓಡಬಹುದು ಅಂತ ನನ್ನ ಕೋಚ್ ಆಗಿ ನೀನು ಹೇಳಿದ್ದೆ. ಕಳಿಸಲಿಲ್ಲ. ವಸಂತದಲ್ಲಿ ಇನ್ನೊಂದು ಅಂದಿದ್ದೆ. ಟ್ರ್ಯಾಕ್ ಓಟ ಹತ್ತಿರ ಬಂತು ಅಂತ ಅದೂ ಇಲ್ಲ. ಒಲಿಂಪಿಕ್ ಆಯ್ಕೆ ಮುಗಿದ ಮೇಲೆ ಎಷ್ಟು ಬೇಕಾದರೂ ಓಡು ಅಂದಿದ್ದೆ. ಮುಗಿದು ಮೂರು ತಿಂಗಳು ದಾಟಿತು. ಈಗ ನಮ್ಮ ಗುಂಪಿಗೆ ದುಡ್ಡು ಕೊಡುವ ಶೂ ಕಂಪನಿಯವನು, "ರಸ್ತೆ ಮೇಲೆ ಯಾರೋ ನಿಮ್ಮನ್ನ ಸೋಲಿಸಿದ್ರೆ ನಿಮ್ಮ ಬೆಲೆ ಏನಾಗ್ಬೇಕು ಮೇಡಂ?" ಅಂತಾನೆ. ನೀನು ಅವನ ಪಕ್ಕದಲ್ಲಿ ಕೂತು ತಲೆ ಆಡಿಸುತ್ತೀಯ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಫ್ಲ್ಯಾಗ್‌ಸ್ಟಾಫ್ ತರಬೇತಿ ಶಿಬಿರ ಬಿಟ್ಟು ಬರುವಾಗ ಬಾಗಿಲಲ್ಲಿ ನಿಂತು, "ಪ್ಯುಯೆಬ್ಲೊ ಓಟ ಓಡಿದ್ರೆ ಗುಂಪಿಗೆ ವಾಪಸ್ ಬರ್ಬೇಡ" ಅಂದೆಯಲ್ಲ, ಅದನ್ನು ನುಂಗಿಕೊಳ್ಳಲು ಇಷ್ಟು ದಿನ ಹಿಡಿಯಿತು. ನಾನು ಚೆನ್ನಾಗಿದ್ದೇನೆ. ನಿನ್ನ ಅಕ್ಕ ಡೋರಾ ಅತ್ತೆ ದಿನಾ ಹಸಿಮೆಣಸಿನಕಾಯಿ ಹುರಿಯುತ್ತಾಳೆ, ಬೀದಿಯೆಲ್ಲ ಕೆಮ್ಮುತ್ತದೆ. ತಿನ್ನಿಸಿ ತಿನ್ನಿಸಿ, "ಓಡೋಳ ಥರ ಕಾಣ್ತಾನೇ ಇಲ್ಲ, ಒಣಗಿಸಿದ ಮೀನಿನ ಥರ ಇದ್ದೀಯ. ನಿಮ್ಮಪ್ಪ ಆ ಫ್ರಾಂಕ್ ನಿಂಗೆ ಊಟದ ಬದ್ಲು ಟೈಮ್ ಬಡಿಸ್ತಾನೇನೇ?" ಅನ್ನುತ್ತಾಳೆ.

ಅಪ್ಪಾ, ಒಲಿಂಪಿಕ್ ಆಯ್ಕೆಯಲ್ಲಿ ನಾನು ಯಾಕೆ ಸೋತೆ ಗೊತ್ತಾ? ನನಗೆ ಗೊತ್ತು.

ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹತ್ತು ಸಾವಿರ ಮೀಟರಿನ ನನ್ನ ಜೀವಮಾನದ ಓಟ ಓಡಿದೆ ಅಂತ ನೀವೆಲ್ಲ ಕುಣಿದಿರಿ. ಅದು ಓಟವಾ? ಮುಂದೆ ವೇಗ ಹಿಡಿದುಕೊಡಲು ಬಾಡಿಗೆಗೆ ತಂದ ಇಬ್ಬರು ಹುಡುಗಿಯರು, ಟ್ರ್ಯಾಕ್ ಅಂಚಿನಲ್ಲಿ ಓಡಬೇಕಾದ ವೇಗ ತೋರಿಸುತ್ತಾ ನಮ್ಮ ಜೊತೆಗೇ ಸುತ್ತುವ ಹಸಿರು ದೀಪ. ಕುರಿಯ ಹಾಗೆ ದೀಪದ ಹಿಂದೆ ಇಪ್ಪತ್ತೈದು ಸುತ್ತು ಹೋದೆವು. ಆಯ್ಕೆಯ ಫೈನಲ್‌ನಲ್ಲಿ ದೀಪ ಇಲ್ಲ, ಬಾಡಿಗೆಯವರಿಲ್ಲ. ಅಷ್ಟೊಂದು ಹೆಂಗಸರು, ಒಬ್ಬರಿಗೊಬ್ಬರು "ನೀನು ಮುಂದೆ ಹೋಗು" ಅಂತ ಕಾಯುತ್ತಾ ಜಾಗಿಂಗ್ ಮಾಡಿದೆವು. ಎಂಟು ಸುತ್ತು ಉಳಿದಾಗ ಅಸ್ಕಾಳೆ ಒಮ್ಮೆಲೇ ವೇಗ ಹೆಚ್ಚಿಸಿ ಮುಂದೆ ಹೋದಳು. ನಾನು ಅವಳನ್ನು ಹೋಗಲು ಬಿಟ್ಟೆ. ಇಷ್ಟು ಬೇಗ ಹೋದವಳು ಸುಸ್ತಾಗಿ ವಾಪಸ್ ಸಿಗುತ್ತಾಳೆ ಅಂದುಕೊಂಡೆ. ಸಿಗಲಿಲ್ಲ. ಅವಳ ಹಿಂದೆ ಹೋದ ಇಬ್ಬರೂ ಸಿಗಲಿಲ್ಲ. ಮೂವರಿಗೆ ಒಲಿಂಪಿಕ್ಸ್, ನಾನು ನಾಲ್ಕನೆಯವಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅಸ್ಕಾಳೆ ನನ್ನ ಪಕ್ಕ ಕೂತು, "ಏನಮ್ಮಾ, ದೀಪ ಆರಿಹೋಯ್ತಾ?" ಅಂದಳು. ಹೊಡೆಯಬೇಕು ಅನ್ನಿಸಿತು. ಅವಳೇ ನೀರು ಕೊಟ್ಟಳು. ಇಥಿಯೋಪಿಯಾದಲ್ಲಿ ಹುಟ್ಟಿ, ಅಮೆರಿಕದ ಪ್ರಜೆಯಾಗಿ ಆಲ್ಬುಕರ್ಕಿಯಲ್ಲಿ ಇರುವವಳು. ಯಾವ ಕಂಪನಿಯೂ ಅವಳನ್ನು ಸಾಕುತ್ತಿಲ್ಲ. ಬಹುಮಾನ ಇರುವ ಕಡೆ ಕಾರು ಓಡಿಸಿಕೊಂಡು ಹೋಗಿ ಹಾಫ್ ಮ್ಯಾರಥಾನ್ ಓಡುತ್ತಾಳೆ. ಗಾಳಿ, ಏರು, ಪಕ್ಕದವಳ ಮೊಣಕೈ ಎಲ್ಲ ಅವಳಿಗೆ ಗೊತ್ತು. "ನೀವು ಟ್ರ್ಯಾಕ್‌ನೋರು ವರ್ಷಕ್ಕೆ ನಾಕು ಸಲ ಓಡ್ತೀರ. ಉಳಿದಿದ್ದೆಲ್ಲ ಅಭ್ಯಾಸ. ನಂಗೆ ವಾರ ವಾರ ಯಾರಾದ್ರೂ ಒಬ್ರು ಉಸಿರು ಕಟ್ಟಿಸ್ತಾರೆ. ಆ ನೋವು ನಂಗೆ ಪರಿಚಯ, ನಿಂಗೆ ಹೊಸದು" ಅಂದಳು.

"ರಸ್ತೆ ಕಾಲಿನ ಚುರುಕು ತಿನ್ನುತ್ತೆ" ಅನ್ನುತ್ತೀಯ. ಮೇ ತಿಂಗಳಲ್ಲಿ ಹದಿಮೂರು ಮೈಲಿ ಓಡಿದ ಅವಳ ಕಾಲಿನ ಚುರುಕನ್ನು ಜೂನ್‌ನಲ್ಲಿ ಯಾರು ತಿಂದರು? ಕಾಪಾಡಿ ಕಾಪಾಡಿ ಕಪಾಟಿನಲ್ಲಿಟ್ಟ ನನ್ನ ಕಾಲೇ ತಾನೆ ಸೋತದ್ದು? ಇದು ನನ್ನೊಬ್ಬಳ ಮಾತಲ್ಲ. ಗುಂಪಿನ ಪ್ರತಿ ಹುಡುಗಿಗೂ ನೀವು ಹೀಗೇ ಮಾಡುತ್ತಿದ್ದೀರಿ. ಸೋಲುವ ಹಕ್ಕನ್ನೇ ಕಿತ್ತುಕೊಂಡರೆ ಗೆಲ್ಲುವುದನ್ನು ಎಲ್ಲಿ ಕಲಿಯಬೇಕು? ನಾವು ಓಟಗಾರರು, ಅಂಗಡಿಯ ಗಾಜಿನ ಹಿಂದಿನ ಬೊಂಬೆಗಳಲ್ಲ. ಅಜ್ಜ ಇದೇ ಊರಿನ ಉಕ್ಕಿನ ಕಾರ್ಖಾನೆ ಗೇಟಿನಲ್ಲಿ ಮುಷ್ಕರ ಕೂತವನು. ಅವನ ಮಗ ನೀನು, ಕಂಪನಿ ಕಣ್ಣು ಬಿಟ್ಟರೆ ಮಗಳ ಕಾಲಿಗೆ ಬೀಗ ಹಾಕುತ್ತೀಯ.

ಭಾನುವಾರ ಇಲ್ಲಿಯ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಅಸ್ಕಾಳೆಯೂ ಬರುತ್ತಾಳೆ. ಬಹುಶಃ ಸೋಲುತ್ತೇನೆ. ಕಂಪನಿ ಕೈಬಿಡಲಿ. ಗುಂಪಿಗೆ ಸೇರಿಸಿಕೊಳ್ಳುವುದು ಬಿಡುವುದು ನಿನಗೆ ಬಿಟ್ಟದ್ದು. ಆದರೆ ಉಳಿದ ಹುಡುಗಿಯರನ್ನು ರಸ್ತೆಗೆ ಬಿಡು. ಅವರಿಗೆ ಇನ್ನೂ ವಯಸ್ಸಿದೆ.

ಮೊಣಕಾಲಿಗೆ ಐಸ್ ಇಟ್ಟುಕೋ. ಸಿಟ್ಟಿನಲ್ಲಿ ಊಟ ಬಿಡಬೇಡ. ನಿನಗೆ ಒಳ್ಳೆಯದಾಗಲಿ.

ನಿನ್ನ ಮಗಳು,
ಮಾರ್ಲಾ

ಮತ್ತೆ ಒಂದು ಮಾತು: ಮೇಲಿನದೆಲ್ಲ ಕೋಚ್‌ಗೆ ಬರೆದದ್ದು. ಇದು ನಿನಗೆ. ಫೈನಲ್ ಮುಗಿಸಿ ಬೇಲಿ ಹತ್ತಿರ ಬಂದೆ. ಬೇಲಿಯ ಮೇಲಿಂದ ಕೈ ಚಾಚಿದೆ. ನೀನು ಗಡಿಯಾರ ನೋಡಿ, "ಕೊನೇ ಸುತ್ತು ಚೆನ್ನಾಗಿತ್ತು" ಅಂದೆ. ಕೈ ಹಿಡಿಯಲಿಲ್ಲ. ಕೋಚ್ ಹಾಗೆ ಮಾಡಲಿ, ಅದು ಅವನ ಕೆಲಸ. ಅಪ್ಪ ಎಲ್ಲಿ ಹೋಗಿದ್ದ? ಅಮ್ಮ ಸತ್ತ ವರ್ಷದಿಂದ ನಾನು ಅವನನ್ನು ಕಂಡಿಲ್ಲ. ಓಟ ಮುಗಿದ ಮೇಲೆ ಡೋರಾ ಅತ್ತೆಯ ಅಡುಗೆಮನೆಯಲ್ಲಿ ಕೂತಿರುತ್ತೇನೆ. ಕೋಚ್ ಬರುವುದು ಬೇಡ, ಅಪ್ಪ ಬರಲಿ. ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.