ಹೌಸ್‌ಫುಲ್ ಆದ ಸೋಲೋ ಶೋ

ಮಾರ್ಕಮ್,
ಭಾನುವಾರ

ಪ್ರೀತಿಯ ಶರ್ವಾಣಿ,

ನನ್ನಂಥ ಮ್ಯಾನೇಜರ್ ಇಡೀ ಕೆನಡಾದಲ್ಲೇ ಇನ್ನೊಬ್ಬ ಹುಟ್ಟಿಲ್ಲ. ಬ್ಯಾಂಡ್ ಬಿಟ್ಟು ನೀನೊಬ್ಬಳೇ ಕೊಟ್ಟ, ಡೆಸರ್ಟ್ ರಾಕ್ ಎಂಬ ಆ ಮರುಭೂಮಿ ಸಂಗೀತದ ಮೊದಲ ಶೋಗೆ ಟಿಕೆಟ್ಟೆಲ್ಲ ಖಾಲಿ ಮಾಡಿಸಿದ್ದು ಈ ಮಾವನೇ ತಾನೇ?

ಅದೇ ಧೈರ್ಯದ ಮೇಲೆ ಬರ್ಲಿಂಗ್ಟನ್ನಿನ ದೊಡ್ಡ ಹಾಲ್‌ಗೆ ಅಡ್ವಾನ್ಸ್ ಕೊಡಲಿದ್ದೀಯೆಂದು ನಿಮ್ಮಮ್ಮ ಹೇಳಿದಳು. ದಯವಿಟ್ಟು ಕೊಡಬೇಡ. ಟಿಕೆಟ್ಟುಗಳನ್ನು ಯಾರೂ ಕೊಳ್ಳಲಿಲ್ಲ ಮಗಳೇ. ಎಲ್ಲವನ್ನೂ ನಾನೇ ಕೊಂಡು, ಕೊನೆಯಲ್ಲಿ ಬಿಸಿಬೇಳೆಬಾತ್ ಇದೆ ಎಂದು ಆಸೆ ತೋರಿಸಿ ನಮ್ಮ ಕನ್ನಡದವರಿಗೆ ಹಂಚಿದೆ. ನಿನ್ನ ಗಿಟಾರ್ ಮರಳುಗಾಳಿಯಂತೆ ಮೊರೆಯುತ್ತಿದ್ದಾಗ, “ಚಂದ್ರಹಾಸಣ್ಣ, ಊಟ ಎಷ್ಟೊತ್ತಿಗ್ರೀ?” ಅಂತ ಕೇಳುತ್ತಿದ್ದರು. “ತಡೀರಿ, ಇನ್ನೊಂದೇ ಹಾಡು” ಅಂತ ಕೂರಿಸಿಕೊಂಡೆ.

ಹಾಲ್ ತುಂಬಿದ್ದನ್ನು ಕಂಡು ನೀನು ಅತ್ತುಬಿಟ್ಟೆಯಲ್ಲ, ಆಗಲೇ ಹೇಳಬೇಕಿತ್ತು. ನಿನ್ನತ್ತೆಯ ಹತ್ತಿರ ಇನ್ನೂರೇ ಡಾಲರ್ ಖರ್ಚಾಯಿತು ಎಂದಿದ್ದೇನೆ. ಹೋದದ್ದು ನಾಲ್ಕು ಸಾವಿರದ ಆರುನೂರು.

ಮುಖ ತೋರಿಸಲಾಗದ ನಿನ್ನ ಮಾವ,
ಚಂದ್ರಹಾಸ